ಕೆರೆ ತಳದಲ್ಲಿರೋದು

ಮೊದಲು ಆಡಿದ್ದು ಮೈಸೂರಲ್ಲಿ, ಯಾದವಗಿರಿಯ ಒಂದು ಮಹಡಿಮನೆ.
ಬಾಗಿಲು ತೆರೆದ ಹುಡುಗಿ ನನ್ನ ಹೆಸರು ಕೇಳಲಿಲ್ಲ,
‘ನೀವ್ಯಾರಾಗ್ತೀರಿ?’ ಅಂದಳು.
ಇಪ್ಪತ್ತೊಂಬತ್ತು ವರ್ಷ ಯಾರೂ ಕೇಳಿರದ ಪ್ರಶ್ನೆ.
ಕಳ್ಳ, ಅಂದೆ. ಕಳ್ಳಿ ಎಂದು ತಿದ್ದಿಕೊಳ್ಳಲಿಲ್ಲ.
ಅವರ ಆಟ ಇಂಗ್ಲಿಷಿನಲ್ಲಿ ನಾಗಾಲೋಟ;
ನನ್ನ ಕಳ್ಳ ಬೀಗದ ಮುಂದೆ ಕುಕ್ಕರಗಾಲಲ್ಲಿ ಕೂತು
ಕ್ರಿಯಾಪದ ಹುಡುಕುತ್ತಿದ್ದ.
ಆದರೆ ಇಪ್ಪತ್ತು ಮುಖದ ಆ ನೀಲಿ ದಾಳ
ಉರುಳಿ, ತೂಗಿ, ನಿಲ್ಲುವ ಮುಂಚೆ
ಆರೂ ಜನ ಉಸಿರು ಹಿಡಿದದ್ದು
ಯಾವ ಭಾಷೆಯಲ್ಲೂ ಇರಲಿಲ್ಲ.
ಕೊನೇ ಪ್ಯಾಸೆಂಜರಿನಲ್ಲಿ ಮರಳುವಾಗ
ಪಾಂಡವಪುರದ ಕತ್ತಲು ದಾಟುತ್ತ ಅಂದುಕೊಂಡೆ:
ಇದನ್ನ ಮಂಡ್ಯದಲ್ಲಿ ಶುರು ಹಚ್ಚಬೇಕು.

ಈಗ ನೂರಡಿ ರಸ್ತೆಯ ಸೈಕಲ್ ಅಂಗಡಿ ಮೇಲೆ,
ಭಾನುವಾರ ನಾಲ್ಕಕ್ಕೆ. ನಾಲ್ಕೆಂದರೆ ಐದು.
ಕಿಟಕಿಯಾಚೆ ಕಬ್ಬಿನ ಲೋಡು, ಕಾಕಂಬಿ ವಾಸನೆ.
ಸಹಕಾರಿ ಬ್ಯಾಂಕಿನ ಹಳೇ ಕ್ಯಾಲೆಂಡರಿನ ಬೆನ್ನಿಗೆ
ಒಂದು ರಾಜ್ಯ ಬರೆದಿದ್ದೇನೆ.
ಜೂನ್ ತಿಂಗಳ ಅಮಾವಾಸ್ಯೆ ಹಾಳೆ ತೂರಿ ಈಚೆ ಬಂದು
ಕಾಡಿನ ನಡುವೆ ಕಪ್ಪು ಚುಕ್ಕೆ.
ಇರಲಿ ಅಂತ ಅದನ್ನೇ ಗುಹೆ ಮಾಡಿದೆ.

ದೊಡ್ಡಾಸ್ಪತ್ರೆ ನರ್ಸು ಫಿಲೋಮಿನಾ
ನೈಟ್ ಡ್ಯೂಟಿ ಮುಗಿಸಿ, ಅರೆನಿದ್ದೆ ಮಾಡಿ ಬಂದು
ತಾನು ಮಾಟಗಾತಿಯೇ ಆಗಬೇಕು ಎಂದಳು.
‘ಗಾಯ ಮಾಡೋದು ಹೆಂಗಿರ್ತದೆ, ಒಂದ್ಸಲ ನೋಡೋಣ.’
ತೌಸೀಫನಿಗೆ ಲೆಕ್ಕ ಬೇಕು: ಬಾಣ ಎಷ್ಟು, ಹಗ್ಗ ಎಷ್ಟು ಮೊಳ,
ಕುದುರೆ ಮಾರಿದರೆ ಕೈಗೇನು ಬಂತು.
ಮೂರು ವಾರ ನಿದ್ದೆಗೆಟ್ಟು ನಾನು ಕಟ್ಟಿದ ಗುಹೆಗೆ
ಇವರು ಹೋಗಲೇ ಇಲ್ಲ.
ಇಡೀ ಸಂಜೆ ಸಂತೆಯಲ್ಲಿ ಕುದುರೆ ಚೌಕಾಸಿ.
ಕೊಳ್ಳುವ ಸಾಹುಕಾರ ನಾನೇ. ಟೋಪಿ ಬಿತ್ತು.
ಅಷ್ಟು ನಕ್ಕು ಯಾವ ಕಾಲವಾಗಿತ್ತೋ.

ನಾಗಮಂಗಲ ರೂಟಿನ ಕಂಡಕ್ಟರ್ ಚಲುವರಾಜು
ಬಂದ ದಿನವೇ ಹೇಳಿಬಿಟ್ಟರು:
‘ನಂದು ಮೂಗನ ಪಾರ್ಟು ಬರ್ಕಳಿ ಮೇಡಂ.
ದಿನಾ ಕೂಗಿ ಕೂಗಿ ಗಂಟ್ಲು ಸವೆದೋಗೈತೆ.
ಇಲ್ಲಾದ್ರೂ ಸುಮ್ಕಿರ್ತೀನಿ.’
ಹನ್ನೊಂದು ವಾರ ಸುಮ್ಮನೇ ಇದ್ದರು.
ಕತ್ತಿ ಹಿಡಿದರೂ ಹುಬ್ಬಲ್ಲೇ, ಬೇಡವೆಂದರೂ ಹುಬ್ಬಲ್ಲೇ.
ಆಟ ನಡೆಸುವವಳಿಗೆ ಮೌನವೆಂದರೆ ದಿಗಿಲು;
ಬೇಜಾರಾಯಿತೇ ಇವರಿಗೆ,
ಮುಂದಿನ ವಾರ ಬರುತ್ತಾರೋ ಇಲ್ಲವೋ.
ಬಂದರು. ಪ್ರತಿ ವಾರ ಎಲ್ಲರಿಗಿಂತ ಮೊದಲು.

ಡ್ರ್ಯಾಗನ್ನಿಗೆ ನಮ್ಮಲ್ಲಿ ಏನನ್ನೋಣ ಎಂದು ಒಂದಿನ ಜಗಳ.
ರೆಕ್ಕೆಹಾವು ಅಂದರೆ ನಗು.
ಮಹೋರಗ ಅಂದರೆ ಹತ್ತನೇ ಕ್ಲಾಸಿನ ಪರೀಕ್ಷೆ.
ಟೀ ತಂದ ಕೆಂಪಾಜಮ್ಮ, ಕೆಳಗಿನ ಅಂಗಡಿಯವರು,
ಲೋಟ ಇಡುತ್ತ ಅಂದರು:
‘ಅಂಥವುಕ್ಕೆಲ್ಲ ಹೆಸ್ರು ಹಿಡೀಬಾರ್ದು.
ಕೆರೆ ತಳದಲ್ಲಿರೋದು ಅನ್ನಿ, ಸಾಕು.’
ಅವತ್ತಿನಿಂದ ನನಗೂ ಅದರ ಭಯ.

ಹೋದ ಭಾನುವಾರ ಅದು ಮೇಲೆದ್ದಿತು.
ಕೆರೆ ಏರಿ ಬಿರಿಯುತ್ತಿತ್ತು. ನನ್ನ ದನಿಯೂ.
ಅದೇ ಗಳಿಗೆಯಲ್ಲಿ ದಾಳ ಉರುಳಿ
ಹಲಗೆಯ ಸಂದಿನಲ್ಲಿ ಜಾರಿ
ಎಲ್ಲೋ ಚೈನು, ಪೆಡಲುಗಳ ನಡುವೆ ಟಣ್ ಎಂದಿತು.
ಕೆಂಪಾಜಮ್ಮ ನಾಲ್ಕು ಹುಣಸೆಬೀಜ ಸೀಳಿ ಕೊಟ್ಟರು.
‘ನಾವ್ ಇದ್ರಲ್ಲೇ ಆಡ್ತಿದ್ದದ್ದು. ಬುಡಿ.’

ತೌಸೀಫ್: ಬಾಣ ಒಂಬತ್ತೇ, ಹಿಂದಕ್ಕೆ ಹೋಗೋಣ.
ಫಿಲೋಮಿನಾ, ಗಾಯ ಮಾಡಲೆಂದೇ ಬಂದವಳು,
‘ತಡೀರಿ, ಅದರ ಹೊಟ್ಟೆ ನೋಡಿ, ದಿನ ತುಂಬಿದೆ
ಅದಕ್ಕೆ’ ಅಂತಾಳೆ.
ನಾನು ಬರೆದೇ ಇರಲಿಲ್ಲ ಆ ಹೊಟ್ಟೆಯನ್ನು.
ಕೂಗಾಟ. ಕೆಳಗೆ ರಸ್ತೆಗೂ ಕೇಳುವಷ್ಟು.

ಚಲುವರಾಜು ಅಂಗೈ ಮೇಜಿಗೆ ಚಾಚಿ
ಎರಡು ಸಲ ತಟ್ಟಿದರು,
ಬಸ್ಸಿನ ತಗಡಿಗೆ ತಟ್ಟುವ ಹಾಗೆ.

ಈ ಜಿಲ್ಲೆಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.
ಕಂಬಿ ಹಿಡಿದುಕೋ. ಹೊರಟಿತು.
ಎಲ್ಲರೂ ಒಟ್ಟಿಗೆ ಏರಿಯಿಂದ ಕಾಲು ತೆಗೆದರು.
ಕೆರೆ ಕಡೆಗೋ, ಊರ ಕಡೆಗೋ,
ಕೇಳಬೇಕಾದದ್ದು ನನ್ನ ಕೆಲಸ.
ಕೇಳಲಿಲ್ಲ.
ಬೀಜ ಇನ್ನೂ ನನ್ನ ಮುಷ್ಟಿಯಲ್ಲಿ
ಬೆಚ್ಚಗಿದ್ದವು.