ತಡೆರಹಿತ

ಅವ್ವ ಗೋಧಿ ತಾ ಅಂದಿದ್ಲು.
ಅಂಗಡಿ ಕಟ್ಟಿಗೆ ಗದ್ದ ತಾಗೂವಷ್ಟು ಎತ್ತರ ಆಗ ನಂದು.
ಗ ಅನ್ನೂದು ಗಂಟಲದಾಗ ಕುಂತುಬಿಡ್ತು,
ಮೂಗದಾಣಿ ಎಳದರೂ ಏಳದ ಎತ್ತಿನಂಗ.
ಹಿಂದ ಆರು ಮಂದಿ ನಿಂತಿದ್ರು.
ಅಕ್ಕಿ ಕೊಡ್ರಿ, ಅಂದ್ನಿ.
ಎರಡು ಸೇರು ಅಕ್ಕಿ ಹೊತ್ತು ಮನಿಗೆ ಬಂದು
ಬಡಿಗಿ ಪೆಟ್ಟು ತಿಂದ್ನಿ.
ಪೆಟ್ಟಿಗೆ ಉತ್ತರಾ ಕೊಡೂದು ಬೇಕಿಲ್ಲ,
ಅದಕ್ಕ ಅದು ಸಲೀಸು.

ಹಂಗ ಬೆಳದ್ನಿ,
ಒಂದು ಮಾತಿನ ಜಾಗಾದಾಗ ಇನ್ನೊಂದು ಇಟ್ಟು.
ಬದನಿಕಾಯಿ ಬೇಕಾದಾಗ ಆಲೂಗಡ್ಡಿ,
ಬ್ಯಾಡ ಅನ್ನೂವಲ್ಲಿ ಹೂಂ.
ಆ ಹೂಂ ಮ್ಯಾಲೆ ಲಗ್ನಾನೂ ಆತು.

ಹೆಸರಂತೂ ದಾಕ್ಷಾಯಣಿ. ಇಟ್ಟವರಿಗೆ ಏನು ಗೊತ್ತು.
ಕಂಡಕ್ಟರ್ ಕೆಲಸದ ಕಾಗದ ನೋಡೂವಾಗ
ಹೆಸರೇನವಾ, ಅಂದ್ರು ಸಾಹೇಬ್ರು.
ಫ್ಯಾನು ಹನ್ನೆರಡು ಸುತ್ತು ತಿರುಗಿತು.
ಅರ್ಜಿ ಮ್ಯಾಲೆ ಬೆರಳಿಟ್ಟು ತೋರಿಸಿದ್ನಿ.
"ಬಸ್ಸಿನ್ಯಾಗ ಏನಂತ ಕೂಗತಿ ಹಂಗಾರ?"
ಅಂಕ ಇದ್ವು. ಕೆಲಸ ಸಿಕ್ತು.

ಮೊದಲ ದಿನ ಫುಟ್‌ಬೋರ್ಡಿನ ಮ್ಯಾಲೆ ನಿಂತು ಬಾಯಿ ತೆರದ್ನಿ:
ಹೊಸೂರ ವಿದ್ಯಾನಗರ ಉಣಕಲ್ಲ
ಭೈರಿದೇವರಕೊಪ್ಪ ನವನಗರ ರಾಯಾಪುರ ಸತ್ತೂರ
ಒಂದೇ ಸರಾ. ಒಂದೂ ಮಣಿ ಸಿಗಿಬೀಳಲಿಲ್ಲ.
ರಾಗ ಇದ್ದಲ್ಲಿ ನಾಲಿಗಿಗೆ ಅಂಜಿಕಿ ಇಲ್ಲ ಅಂತ
ಆವತ್ತು ತಿಳೀತು.
ಚಿಲ್ಲರ ಕೇಳೂವಾಗ ಮತ್ತ ಮರತೀತು.

ಕೂಸು ಹುಟ್ಟಿದಾಗ ಅತ್ತಿ
ತಮ್ಮ ತಾಯಿ ಹೆಸರು ಇಡಬೇಕಂದ್ರು, ಬಸಲಿಂಗವ್ವ.
ಆ ಬ ಮುಂದ ನನ್ನ ಎರಡೂ ತುಟಿ ಕದಾ ಹಾಕ್ಕೊತಾವ.
ಜೀವನದಾಗ ಮೊದಲ ಸಲ, ಆಗೂದಿಲ್ಲ ಅಂದ್ನಿ.
ಇಳಾ.
ಉಸಿರು ಬಿಟ್ಟರ ಸಾಕು, ಬರತೈತಿ.

ಆರು ತಿಂಗಳ ರಜಾ ಮುಗೀತು.
ನವಲೂರಿನ್ಯಾಗ ಪೇರಲ ಬುಟ್ಟಿ ಹತ್ತೂವಾಗ
ಯಾರದೋ ಕೂಸು ಅತ್ತರ ನನ್ನ ಖಾಕಿ ಅಂಗಿ ತೊಯ್ಯೂದು.
ಟಿಕೆಟ್ ಮಷೀನು ಎದಿಗೆ ಅವಚಿಕೊಂಡು ನಿಲ್ಲತಿದ್ನಿ.
ಟೋಲ್ ನಾಕಾದಾಗ ಇಳಾನ ಹೊತ್ತು ಅತ್ತಿ ಕಾಯತಿದ್ರು,
ಹೆಸರಿನ ಸಿಟ್ಟು ಸೆರಗಿನ ತುದಿಗೆ ಕಟ್ಟಿಕೊಂಡೇ.
ಡ್ರೈವರ್ ಮಾಬೂಸಾಬರು ಎಂಜಿನ್ ಬಂದ್ ಮಾಡಿ
"ರೇಡಿಯೇಟರಿಗೆ ನೀರು ಹಾಕಬೇಕ್ರೆಪಾ" ಅಂತ ಇಳಿಯೂರು.
ಕಡೀ ಸೀಟಿನ್ಯಾಗ ಏಳು ನಿಮಿಷ.
ಒಂದು ವರ್ಷ ಆ ಗಾಡಿ ದಿನಾ ಬಿಸಿ ಆತು,
ಡಿಪೋದಾಗ ಒಬ್ಬರೂ ಕಾರಣಾ ಕೇಳಲಿಲ್ಲ.

ನಾಲ್ಕು ತುಂಬಿದ ಮ್ಯಾಲೆ ಒಂದು ಸಂಜಿ
ಇಳಾ ಬಾಗಿಲದಾಗ ನಿಂತು: ಅ, ಅ, ಅ
ಉಸಿರಿನ್ಯಾಗ ತಾನs ತೇಲೂವಂಥಾ ಅಕ್ಷರ.
ನನಗ ಎಂದೂ ಕೈ ಕೊಟ್ಟಿರಲಿಲ್ಲ ಅದು.
ಗಂಡ ತಾಟಿನಿಂದ ತಲಿ ಎತ್ತಿ ನನ್ನ ನೋಡಿದ.
ಅತ್ತಿ ನೋಡಿದ್ರು. ನಾ ಗ್ವಾಡಿ ನೋಡಿದ್ನಿ.
ಆಕಿ ಪರವಾಗಿ ನಾನs ಅಂದುಬಿಡಬೇಕಂತ
ತುದಿ ತನಕ ಬಂದ ಮಾತು ಕಚ್ಚಿ ಹಿಡದ್ನಿ.
ನನ್ನ ಮಾತು ಎಷ್ಟು ಮಂದಿ ಮುಗಿಸ್ಯಾರ,
ಒಬ್ಬರೂ ನಾ ಅನ್ನಬೇಕಂದದ್ದು ಅಂದಿಲ್ಲ.
ನೆಲದ ಮ್ಯಾಲೆ ಕುಂತ್ನಿ. ಕಾದ್ನಿ.
ಕುಕ್ಕರ್ ಸೀಟಿ ಹೊಡೀತು, ಎರಡನೇದೂ ಹೊಡೀತು.
ಅವ್ವಾ, ಬೆಕ್ಕು ಮರಿ ಹಾಕೇತಿ.
"ಎಷ್ಟು?" ಅಂದ್ನಿ.

ಈ ಮಾರ್ಚಿಗೆ ನನ್ನ ಕಂಟ್ರೋಲರ್ ಮಾಡಿದ್ರು.
ಹುಬ್ಬಳ್ಳಿ ಹಳೇ ಸ್ಟ್ಯಾಂಡು, ಗಾಜಿನ ಪೆಟಗಿಯಂಥಾ ಖೋಲಿ, ಮೈಕು.
ಇಲ್ಲಿ ರಾಗಾ ಎಳೆಯೂಹಂಗಿಲ್ಲ.
ಪ್ರಯಾಣಿಕರ ಗಮನಕ್ಕೆ, ಅಂದ್ನಿ.
ಅಂಕಣ ಎರಡು, ಅಂದ್ನಿ.
ತಡೆರಹಿತ, ಅಂದ್ನಿ,
ಧ
ಧ
ಸ್ಟ್ಯಾಂಡಿನ ತಗಡಿಗೆಲ್ಲಾ ನನ್ನ ಧ ಬಡೀತು.
ಚಹಾದ ಹುಡುಗ ನಿಂತ. ಯಾರೋ ನಕ್ಕರು.
ವಿದ್ಯಾಗಿರಿ ಅಂದಿದ್ದರೂ ನಡೀತಿತ್ತು,
ಅಕ್ಕಿ ಅಂದಂಗ.
ಬ್ಯಾಡ.
ಧಾರವಾಡ ಎಲ್ಲಿ ಓಡಿ ಹೋಗತೈತಿ?
ಮೈಕಿನ ಗುಂಡಿ ಬಿಡಲಾರದ ಒತ್ತಿ ಕುಂತ್ನಿ.
ಬಂತು.

ಮೂಲ್ಯಾಗ, ಸಾಲಿ ಚೀಲ ತೊಡಿ ಮ್ಯಾಲಿಟ್ಟು
ಇಳಾ ಗಿರಮಿಟ್ಟು ತಿನ್ನಾಕತ್ತಿದ್ಲು.
ತಲಿ ಎತ್ತಲಿಲ್ಲ.
ಉಳ್ಳಾಗಡ್ಡಿ ಆರಿಸಿ ಆರಿಸಿ
ಕಾಗದದ ಅಂಚಿಗೆ ಇಡತಿದ್ಲು.