ಎಂಟು ಸ್ಟಡ್ಡು, ನಾಲ್ಕು ಬೋಲ್ಟು

ಪಿ.ಬಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ
ಒಂದೇ ಷಟರಿನ ಅಂಗಡಿ ನನ್ನದು.
ದಾವಣಗೆರೆಯ ಗ್ಯಾರೇಜು ಹುಡುಗರು ಹೆಸರು ಮರೆತು
ಬೋಲ್ಟಕ್ಕ ಅನ್ನುತ್ತಾರೆ. ಅನ್ನಲಿ.
ತಕ್ಕಡಿ ಅಪ್ಪನದು. ಗಲ್ಲಾಪೆಟ್ಟಿಗೆಯ ಅಂಚಿಗೆ
ಇನ್ನೂ ಅಂಟಿರುವ ಗ್ರೀಸಿನ ಬೆರಳಚ್ಚೂ ಅವನದೇ.

ಮಂಗಳವಾರ ಗೌಸ್‌ಪೀರ್ ಮೇಸ್ತ್ರಿ ಬಂದ,
ಕೈಯಲ್ಲೊಂದು ಹಳೇ ಹೆಡ್ ಬೋಲ್ಟು.
ಅದರ ಮರೆಗಳಿಗೆ ಬ್ಲಾಕಿನ ಬಿಳಿ ಲೋಹ
ಎಳೆ ಎಳೆಯಾಗಿ ಸುತ್ತಿಕೊಂಡು ಬಂದಿತ್ತು
ಒಣಗಿದ ಶಾವಿಗೆಯ ಹಾಗೆ.
"ಎಂಟು ಸ್ಟಡ್ ಕೊಡಕ್ಕ. ಬೋಲ್ಟಿನ ಸಹವಾಸ ಸಾಕಾತು."

ಹಿಂದೆಯೇ ನಿಂಗರಾಜ, ವ್ಯಾನಿನ ಯಜಮಾನ,
ಭಟ್ಟಿಯಿಂದ ಜಗಳೂರಿಗೆ ಮಂಡಕ್ಕಿ ಚೀಲ ಸಾಗಿಸುವವ.
ಬೆಲೆ ಕೇಳಿದ್ದೇ ಹುಬ್ಬು ಟೋಪಿಯೊಳಗೆ ಹೋಯಿತು.
"ಕಂಪನಿಯವ್ರು ಬೋಲ್ಟೇ ಹಾಕಿದ್ರಲ್ರೀ.
ಅವ್ರಿಗೇನು ತಲಿ ಇರಲಿಲ್ಲೇನು?"

ಮೇಸ್ತ್ರಿ ನನ್ನ ತಕ್ಕಡಿಯ ಪಕ್ಕ ಬೋಲ್ಟನ್ನು ನಿಲ್ಲಿಸಿದ.
ಇದು ತಿರುಗಿ ತಿರುಗಿ ಬಿಗಿಯಾಗುವ ಜಾತಿ, ಅಂದ.
ಸ್ಪ್ಯಾನರಿಗೆ ಹಾಕಿದ ಬಲ ಇದನ್ನು ತಿರುಚುತ್ತದೆ, ಎಳೆಯುತ್ತದೆ,
ಹೆಡ್ಡಿಗೆಷ್ಟು ತಲುಪಿತೋ ಅಲ್ಲಾನೇ ಬಲ್ಲ.
ಬಿಚ್ಚಿದಾಗೆಲ್ಲ ಬ್ಲಾಕಿನ ಮರೆ ತಿನ್ನುತ್ತದೆ.
ಒಂದು ತೂತನ್ನು ಲೇತಿನ ವೀರಭದ್ರಾಚಾರಿ
ಹೊಸ ಸ್ಪ್ರಿಂಗು ಕೂರಿಸಿ ಉಳಿಸಿದ್ದಾನೆ;
ಮಿಕ್ಕ ಏಳಕ್ಕೆ ಯಾರು ಜಾಮೀನು?
ಸ್ಟಡ್ಡಾದರೆ ಬೆರಳಲ್ಲೇ ತಿರುಗಿಸಿ ಕೂರಿಸು,
ತಳ ಮುಟ್ಟಿತೇ, ಬಿಡು. ಅಲ್ಲೇ ಇರುತ್ತದೆ.
ಮೇಲೆ ಸುತ್ತುವುದು ನಟ್ಟು ಒಂದೇ.
ಸವೆದರೆ ನಟ್ಟು ಸವೆಯಲಿ,
ನಟ್ಟಿಗೆಷ್ಟು ದುಡ್ಡು?

ಚಹಾ ತಂದ ನನ್ನ ತಮ್ಮ
ಇದನ್ನು ಸಂಸಾರಕ್ಕೆ ಹೋಲಿಸಲು ಬಾಯಿ ತೆರೆದ.
ಲೋಟ ಇಟ್ಟು ಹೋಗು ಅಂದೆ.

ಸ್ಟಡ್ಡು ಎಣಿಸಿ ಕಾಗದದ ಮೇಲಿಟ್ಟವಳು
ಎಂಟನೆಯದನ್ನು ಕೈಯಲ್ಲೇ ಹಿಡಿದು ಕೇಳಿದೆ:
"ಮೇಸ್ತ್ರಿ, ಎಂಜಿನ್ನು ಈಗ ಬೆಂಚಿನ ಮ್ಯಾಲೆ ಐತಿ, ಸರಿ.
ನಾಳೆ ಸೀಟಿನಡಿ ಇಳೀತದ.
ಮತ್ತೆ ಗ್ಯಾಸ್ಕೆಟ್ ಹೋದ್ರೆ ಹೆಡ್ಡು ನೆಟ್ಟಗೆ ಮ್ಯಾಲೇಳಬೇಕು,
ಸ್ಟಡ್ಡಿನ ತುದಿ ದಾಟಬೇಕು.
ತಗಡಿಗೂ ಹೆಡ್ಡಿಗೂ ನಡುವೆ ಎಷ್ಟು ಬೆರಳು?"

ಗಾಳಿಯಲ್ಲಿ ಅಳೆದ. ನಾಲ್ಕು.
ಸ್ಟಡ್ಡಿಗೆ ಹಿಡಿದು ಅಳೆದ. ಆರು.
ಇನ್ನೊಮ್ಮೆ ಅಳೆದ, ಬೆರಳು ಕೊಂಚ ದಪ್ಪ ಮಾಡಿ.

ಬೋಲ್ಟಾದರೆ ಬಿಚ್ಚಿ, ತೂತಿನಲ್ಲೇ ಮೇಲಕ್ಕೆತ್ತಿ,
ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ ನಿಲ್ಲಿಸಿ
ಹೆಡ್ಡನ್ನು ಪಕ್ಕಕ್ಕೆ ಜಾರಿಸಿದರಾಯಿತು.
ಇದು ಅವನಿಗೆ ಗೊತ್ತು. ನನಗೆ ಗೊತ್ತೆಂದೂ ಗೊತ್ತು.
"ಹಿಂದೆ ಎರಡು ಬೋಲ್ಟು, ಮುಂದೆ ಆರು ಸ್ಟಡ್ಡು?"
ನಿಂಗರಾಜ ಪಂಚಾಯ್ತಿಗೆ ಬಂದ.
"ಎರಡರ ಎಳೆತ ಬೇರೆ ಬೇರೆ," ಮೇಸ್ತ್ರಿ ಗದರಿದ,
"ಒಂದು ಹಿಡಿದ್ರೆ ಒಂದು ಬಿಡ್ತದೆ, ಹೆಡ್ಡು ಸೊಟ್ಟ.
ಆರಕ್ಕೂ ಎಂಟಕ್ಕೂ ಅಲ್ಲ, ನಿನ್ನ ಬಾಯಿಗೆ ಹಾಕ್ತೀನಿ ಬೋಲ್ಟು."

ಕೊನೆಗೆ ಎರಡೂ ಜೊತೆ ಒಯ್ದ.
ಬೇಡಾದದ್ದು ವಾಪಸ್ಸು ಎಂಬ ಮಾತಿನ ಮೇಲೆ.
ಪುಸ್ತಕದಲ್ಲಿ ಎರಡು ಸಾಲು ಬರೆದು
ಯಾವುದನ್ನು ಹೊಡೆಯಬೇಕಾದೀತೋ ಎಂದು
ಎರಡು ರಾತ್ರಿ ನನ್ನಷ್ಟಕ್ಕೆ ಪಣ ಕಟ್ಟಿದೆ.
ಬೋಲ್ಟಿನ ಮೇಲೆ ಕಟ್ಟಿದ್ದೆ.

ಶುಕ್ರವಾರ ಗ್ಯಾರೇಜಿನ ಹುಡುಗ ಬಂದ.
ಗಂಟು ಬಿಚ್ಚದ ಪೊಟ್ಟಣ, ಒಳಗೆ ಎಂಟು ಬೋಲ್ಟು.
"ಸ್ಟಡ್ಡೇ ಹಾಕಿದ್ರು ಉಸ್ತಾದ್.
ನಡುವಿನಿಂದ ಸುತ್ತಾ ಹೊರಕ್ಕೆ, ಮೂರು ಸಲ, ನನ್ನ ಕೈಲೇ ಬಿಗಿಸಿದ್ರು."
ಮತ್ತೆ ಆ ಎರಡು ಬೆರಳಿನ ಜಾಗ?
"ಗ್ಯಾಸ್ ಕಟ್ಟರಲ್ಲಿ ವ್ಯಾನಿನ ತಗಡೇ ಕೊಯ್ದರು.
ಈಗ ಅಲ್ಲೊಂದು ಮುಚ್ಚಳ ಬಂದೈತಿ.
ನಿಂಗರಾಜಣ್ಣ ಅತ್ತೇ ಬಿಟ್ಟ."

ಹುಡುಗ ಕಾಲಿನಿಂದ ಕಾಲಿಗೆ ಭಾರ ಬದಲಿಸಿದ,
ಇನ್ನೇನೋ ಉಳಿದಿತ್ತು.

"ಮುಚ್ಚಳಕ್ಕೆ ನಾಲ್ಕು ಸಣ್ಣ ಬೋಲ್ಟು ಬೇಕಂತೆ ಅಕ್ಕ.
ಯಾರಿಗೂ ಹೇಳಬ್ಯಾಡ ಅಂದರು."