ಕೊಸರು

ಮಾರ್ಚ್‌ನಲ್ಲಿ ನನ್ನ ಕಾಲು ಮುರಿಯಿತು.
ಮೆಟ್ಟಿಲ ಮೇಲೆ ಬೆಕ್ಕು, ಬೆಕ್ಕಿನ ಮೇಲೆ ನಾನು.
ಹೊಲಿಗೆ ಯಂತ್ರಕ್ಕೆ ಒಂದು ಕಾಲು ಸಾಕು,
ಲಾ ಕಾಂಚಾ ಸಂತೆಗೆ ಎರಡು ಬೇಕು.
ಕುತ್ತಿಗೆಯ ಚೀಲ ಬಿಚ್ಚಿ
ತಂಗಿಯ ಮಗನ ಕೈಗೆ ಕೊಟ್ಟೆ.
ಲಿಂಬರ್, ಹದಿನೈದು ವರ್ಷ, ಅಂಗೈ ತುಂಬ ಬೆವರು.
ಇನ್ನೂರು ಬೊಲಿವಿಯಾನೊ. ಒಂದು ವಾರ. ಮೂರು ಹೊಟ್ಟೆ.
ಪಟ್ಟಿ ಬರೆದುಕೊಡು ಎಂದ.
ಹಸಿವಿಗೆ ಪಟ್ಟಿ ಯಾಕೋ, ಹೋಗು ಎಂದೆ.

ಸಂಜೆ ಬಂದ, ಕಿವಿಯಲ್ಲಿ ಕೆಂಪು ದೀಪ ಮಿನುಗಿಸುತ್ತ.
"ತೊಂಬತ್ತರದ್ದು ನಲವತ್ತಕ್ಕೆ, ದೊಡ್ಡಮ್ಮ! ಐವತ್ತು ಉಳಿಯಿತು!"
ಉಳಿದ ಐವತ್ತು ಎಲ್ಲಿ, ತೋರಿಸು.
ಜೇಬು ತಡಕಿದ. ಇನ್ನೊಂದು ಜೇಬು ತಡಕಿದ.
ಆ ಐವತ್ತನ್ನು ಇನ್ನೂ ಹುಡುಕುತ್ತಿದ್ದಾನೆ, ಪಾಪ.

ಆಲೂಗಡ್ಡೆ ಅಗ್ಗದ್ದು ತಂದಿದ್ದ:
ಮೇಲಿನ ಪದರ ಮದುವಣಗಿತ್ತಿ, ಕೆಳಗೆಲ್ಲ ಕೊಳೆ.
ಬೈಯಲಿಲ್ಲ. ಅದನ್ನೇ ಕೆರೆದು ಬೇಯಿಸಿದೆ,
ಸೋಮವಾರ, ಮಂಗಳವಾರ, ಬುಧವಾರ.
ಗುರುವಾರ ಅವನ ತಂಗಿ ಯೋಸೆಲಿನ್
ತಟ್ಟೆಯನ್ನು ಅಣ್ಣನ ಕಡೆ ತಳ್ಳಿದಳು, ಮಾತಿಲ್ಲದೆ.
ಅಷ್ಟು ಚೆನ್ನಾಗಿ ಹೇಳಲು ನನಗೆ ಬರುತ್ತಿರಲಿಲ್ಲ.
ಶುಕ್ರವಾರ ಕಿವಿಯ ದೀಪ ಆರಿತು,
ಎಡಗಿವಿಯದು ಮೊದಲು.

ಎರಡನೆಯ ಸಲ ಹೊರಡುವಾಗ ತಾನಾಗಿ ಕೇಳಿದ:
ನೀನು ಹೇಗೆ ಕೊಳ್ಳುತ್ತೀ?
ಕಾಲನ್ನು ದಿಂಬಿಗೇರಿಸಿ ಹೇಳಿದೆ.
ಉಂಡು ಹೋಗು, ಹಸಿದ ಕಣ್ಣು ಎಲ್ಲವನ್ನೂ ಕೊಳ್ಳುತ್ತದೆ.
ಮೊದಲ ಸುತ್ತು ಬರಿ ಕಣ್ಣು, ಎರಡನೆಯದು ಬಾಯಿ,
ಮೂರನೆಯದಕ್ಕೇ ಚೀಲದ ಗಂಟು.
ಕೆಳಗಿನ ಪದರಕ್ಕೆ ಕೈ ಹಾಕು.
ಇವತ್ತೊಂದೇ ದಿನ ಈ ಬೆಲೆ ಅನ್ನುವವನು
ನಾಳೆಯೂ ಅಲ್ಲೇ ಕೂಗುತ್ತಿರುತ್ತಾನೆ.

ಉಳಿತಾಯ ಅಂದರೆ? ಎಂದ.
ಶಾಲೆಗೆ ಬ್ಯಾಂಕಿನವರು ಬಂದು
ಗುಲಾಬಿ ಹಂದಿಮರಿ ಡಬ್ಬಿ ಹಂಚಿದ್ದರಂತೆ, ಬೆನ್ನಲ್ಲಿ ಸೀಳು.
ಅಟ್ಟದಿಂದ ಚುನ್ಯೊ ಇಳಿಸಲು ಹೇಳಿದೆ,
ಕಲ್ಲಿನಂಥ ಕಪ್ಪು ಗಡ್ಡೆ.
ಎತ್ತರದ ನಮ್ಮೂರಲ್ಲಿ ಜೂನ್ ತಿಂಗಳ ರಾತ್ರಿ
ಅಮ್ಮ ಆಲೂಗಡ್ಡೆಯನ್ನು ಬಯಲಲ್ಲಿ ಹರವುತ್ತಿದ್ದಳು, ಹೆಪ್ಪುಗಟ್ಟಲಿ ಅಂತ.
ಮರುದಿನ ಬರಿಗಾಲಲ್ಲಿ ತುಳಿದು ನೀರು ಹಿಂಡುವುದು,
ನಮ್ಮ ಬೆರಳೆಲ್ಲ ನೀಲಿ.
ಹುಲುಸಾಗಿ ಬೆಳೆದ ವರ್ಷವೇ ತುಳಿಯಬೇಕು ಮಗಾ,
ಬೆಳೆಯದ ವರ್ಷ ತುಳಿಯಲು ಏನಿರುತ್ತದೆ?
ಅವನು ಒಂದನ್ನು ಕಚ್ಚಿದ. ದವಡೆ ಹಿಡಿದುಕೊಂಡ.
ಅದನ್ನು ನೆನೆಸಬೇಕು, ಮಂಕೆ.
ಉಳಿಸಿದ್ದನ್ನು ತಿನ್ನುವುದಕ್ಕೂ ತಾಳ್ಮೆ ಬೇಕು.

ಮೂರನೆಯ ಶನಿವಾರ ಬಂದದ್ದು
ಇನ್ನೂ ಮೂಡದ ಮೀಸೆ ತಿರುವುತ್ತ.
"ಈರುಳ್ಳಿ ಎಂಟು ಅಂದಳು ಮುದುಕಿ, ನಾಲ್ಕಕ್ಕಿಳಿಸಿದೆ!"
ಯಾವ ಮುದುಕಿ? ಕಂಬದ ಪಕ್ಕ, ನೀಲಿ ಪ್ಲಾಸ್ಟಿಕ್ ಹಾಸಿಕೊಂಡು?
ಅವಳೇ.
ಕೊಸರು ಹಾಕಿದಳಾ?
ಇಲ್ಲ.

ಇಪ್ಪತ್ತು ವರ್ಷ. ದೊನ್ಯಾ ಎಪಿಫಾನಿಯಾ
ಒಂದು ದಿನವೂ ನನ್ನನ್ನು ಬರಿ ತೂಕಕ್ಕೆ ಕಳಿಸಿದವಳಲ್ಲ.
"ಯಾಪಾ, ಕಸೇರಿತಾ" ಎಂದು
ಚೀಲದ ಬಾಯಿ ಬಿಗಿಯುವ ಮೊದಲು ಎರಡು ಗಡ್ಡೆ, ಒಂದು ಮೆಣಸಿನಕಾಯಿ.
ನೀನು ಕೊಸರಾಡಿ ಗೆದ್ದೆ, ಕೊಸರು ಕಳೆದೆ.
ಗಾಜಿನ ಬಾಗಿಲ ಅಂಗಡಿಯಲ್ಲಿ ಶೂಗೆ
ಚೀಟಿಯಲ್ಲಿದ್ದಷ್ಟನ್ನೂ ಎಣಿಸಿಟ್ಟು ಬರುವ ನೀನು
ನೆಲದಲ್ಲಿ ಕೂತವಳ ಮುಂದೆ ಸಿಂಹವೇನೋ?

ಇನ್ನೂ ಬೈಯುವುದಿತ್ತು. ಅಷ್ಟರಲ್ಲಿ ಹೊರಟಿದ್ದ.
ತ್ರುಫಿ ಗಾಡಿಗೆ ಹೋಗಲು ಎರಡು, ಬರಲು ಎರಡು:
ನಾಲ್ಕು ಹಿಂದಿರುಗಿಸಲು ನಾಲ್ಕು ಖರ್ಚು.
ಯಾವ ಲೆಕ್ಕದ ಮೇಷ್ಟ್ರೂ ಒಪ್ಪುವುದಿಲ್ಲ.
ನಾನೂ ಒಪ್ಪಲಿಲ್ಲ. ತಡೆಯಲೂ ಇಲ್ಲ.

ಈಗ ಕಾಲು ಕೂಡಿದೆ. ಚೀಲ ವಾಪಸು ಕೇಳಿಲ್ಲ.
ಹಳೆಯ ನೋಟುಬುಕ್ಕಿನ ಹಿಂಬದಿಯಲ್ಲಿ ಬರೆದಿಡುತ್ತಾನೆ:
ಅಕ್ಕಿ, ಎಣ್ಣೆ, ತ್ರುಫಿ, ಯೋಸೆಲಿನ್‌ಗೆ ಪೆನ್ಸಿಲ್.
ಕೊನೆಯಲ್ಲಿ ಪ್ರತಿ ವಾರವೂ: ಇತರೆ, ಮೂರು.
ಏನದು ಇತರೆ? ತಂಗಿ ಕೇಳಿದಳು.
ದೀಪವಿಲ್ಲದೆಯೂ ಅವನ ಕಿವಿ ಕೆಂಪಾಯಿತು.
ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.
ಮೊತ್ತ ಸರಿಯಿತ್ತು.